ಘಾಜಿಯನ್ನು ಕೊಂದದ್ದು ರಜಪೂತ್ ನೌಕೆಯೇ, ಮೈನೇ, ಬ್ಯಾಟರಿಯೇ?

ಶರಾವತಿ_ದಂಡೆ (ಚರ್ಚೆ ಆರಂಭಿಸಿದವರು)

ಡಿಸೆಂಬರ್ ಮೊದಲ ವಾರ ಬಂತೆಂದರೆ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಪಾಕಿಸ್ತಾನದ ಘಾಜಿ ಜಲಾಂತರ್ಗಾಮಿಯ ಕಥೆ ಸುತ್ತಲು ಶುರುವಾಗುತ್ತದೆ. ನಮ್ಮ ವಿಮಾನವಾಹಕ ನೌಕೆ ವಿಕ್ರಾಂತ್ ಅನ್ನು ಮುಳುಗಿಸಲು ಬಂತು, ನಮ್ಮ ರಜಪೂತ್ ನೌಕೆ ಅದನ್ನೇ ಮುಳುಗಿಸಿತು, ಮುಗಿಯಿತು. ಎಲ್ಲರೂ ಕಥೆಯನ್ನು ಶುರು ಮಾಡುವುದು 1971ರ ನವೆಂಬರ್ 14ರಂದು, ಅದು ಕರಾಚಿಯಿಂದ ಹೊರಟ ದಿನದಿಂದ. ಅದಕ್ಕೂ ಹಿಂದೆ ಆ ಹಡಗಿಗೆ 26 ವರ್ಷಗಳ ಬದುಕಿತ್ತು. ಅದನ್ನು ಯಾರೂ ಹೇಳುವುದಿಲ್ಲ.

ಅದು ಪಾಕಿಸ್ತಾನದ್ದೇ ಅಲ್ಲ. ಅಮೆರಿಕದ ಪೋರ್ಟ್ಸ್‌ಮತ್ ನೌಕಾಂಗಣದಲ್ಲಿ ಎರಡನೇ ಮಹಾಯುದ್ಧಕ್ಕಾಗಿ ಕಟ್ಟಿದ್ದು. ಹೆಸರು ಡಯಾಬ್ಲೋ, ಟೆಂಚ್ ವರ್ಗ. 1944ರ ಡಿಸೆಂಬರ್‌ನಲ್ಲಿ ನೀರಿಗಿಳಿದು 1945ರ ಮಾರ್ಚ್ 31ರಂದು ಸೇವೆಗೆ ಸೇರಿತು. ಆಗಸ್ಟ್ 10ರಂದು ಪರ್ಲ್ ಹಾರ್ಬರ್‌ನಿಂದ ಮೊದಲ ಗಸ್ತಿಗೆ ಹೊರಟಿತು, ದಾರಿಯಲ್ಲೇ ಜಪಾನ್ ಶರಣಾಯಿತು! ಯುದ್ಧಕ್ಕಾಗಿ ಹುಟ್ಟಿ ಯುದ್ಧ ಕಾಣದ ಹಡಗು. ಮುಂದೆ ಸುಮಾರು ಎರಡು ದಶಕ ಅಮೆರಿಕದವರೇ ಓಡಿಸಿ 1964ರ ಜೂನ್‌ನಲ್ಲಿ ಪಾಕಿಸ್ತಾನಕ್ಕೆ ಎರವಲು ಕೊಟ್ಟರು.

ನನ್ನ ವಾದ ಇಷ್ಟು. ರಜಪೂತ್ ಬಾಂಬು ಹಾಕಿತೋ ಬಿಟ್ಟಿತೋ, ಮುದಿ ಎತ್ತನ್ನು ದೂರದ ಜಾತ್ರೆಗೆ ಹೂಡಿದವರೇ ಅದರ ಸಾವಿಗೆ ಅರ್ಧ ಹೊಣೆ. ತಿಳಿದವರು ಏನು ಹೇಳುತ್ತೀರಿ?

ಸುಮ್ಮನೆ_ಓದುವವ

ಇದರಲ್ಲಿ ಚರ್ಚೆ ಏನಿದೆ? ಘಾಜಿಯನ್ನು ಮುಳುಗಿಸಿದ ದಿನವನ್ನೇ ನೌಕಾಪಡೆ ದಿನ ಎಂದು ಆಚರಿಸುತ್ತೇವೆ.

ಹಳೇ_ಹಡಗು

ಅಲ್ಲ ಸ್ವಾಮಿ. ನೌಕಾಪಡೆ ದಿನ ಕರಾಚಿ ದಾಳಿಯ ನೆನಪಿಗೆ. 1971ರ ಡಿಸೆಂಬರ್ 4ರ ರಾತ್ರಿ ನಿಪಾತ್, ನಿರ್ಘಾತ್, ವೀರ್ ಎಂಬ ಮೂರು ಕ್ಷಿಪಣಿ ದೋಣಿಗಳು ಕರಾಚಿಯ ಮೇಲೆ ಎರಗಿದ ಕಾರ್ಯಾಚರಣೆ ಅದು. ಘಾಜಿ ಮುಳುಗಿದ್ದು ಹಿಂದಿನ ರಾತ್ರಿ, 3 ಕಳೆದು 4 ಹುಟ್ಟುವ ನಡುರಾತ್ರಿಯಲ್ಲಿ, ದೇಶದ ಇನ್ನೊಂದು ಕರಾವಳಿಯಲ್ಲಿ. ಘಾಜಿ ಮುಳುಗಿದೆ ಎಂದು ಭಾರತ ಅಧಿಕೃತವಾಗಿ ಪ್ರಕಟಿಸಿದ್ದು ಡಿಸೆಂಬರ್ 9ಕ್ಕೆ.

ಮೂಲ ಬರಹಕ್ಕೆ ಬರುತ್ತೇನೆ. ಶರಾವತಿಯವರೇ, ನಿಮ್ಮ ಎತ್ತು ಅಷ್ಟು ಮುದಿಯಾಗಿರಲಿಲ್ಲ. ಟೆಂಚ್ ವರ್ಗ ಆ ಕಾಲದ ಅತ್ಯುತ್ತಮ ಡೀಸೆಲ್ ಜಲಾಂತರ್ಗಾಮಿಗಳಲ್ಲಿ ಒಂದು. ಉದ್ದ 95 ಮೀಟರ್. ಮುಂದೆ ಆರು, ಹಿಂದೆ ನಾಲ್ಕು ಟಾರ್ಪಿಡೊ ಕೊಳವೆಗಳು, ಒಟ್ಟು 28 ಟಾರ್ಪಿಡೊ ಹೊರುವ ಶಕ್ತಿ. ಫೇರ್‌ಬ್ಯಾಂಕ್ಸ್ ಮೋರ್ಸ್ ಕಂಪನಿಯ ನಾಲ್ಕು ಡೀಸೆಲ್ ಎಂಜಿನ್‌ಗಳು. ನೀರಿನ ಮೇಲೆ 10 ನಾಟ್ ವೇಗದಲ್ಲಿ ಹೋದರೆ 11,000 ನಾಟಿಕಲ್ ಮೈಲಿ ಹೋಗಬಲ್ಲದು. ಈ ಕೊನೆಯ ಅಂಕಿಯಲ್ಲೇ ಇಡೀ ಕಥೆ ಇದೆ.

ಏಕೆಂದರೆ 1971ರಲ್ಲಿ ಪಾಕಿಸ್ತಾನದ ಬಳಿ ಫ್ರಾನ್ಸ್‌ನಿಂದ ಕೊಂಡ ಹೊಚ್ಚ ಹೊಸ ಡಾಫ್ನೆ ವರ್ಗದ ಮೂರು ಜಲಾಂತರ್ಗಾಮಿಗಳಿದ್ದವು: ಹಂಗೋರ್, ಶುಶುಕ್, ಮಾಂಗ್ರೊ. ಹೊಸವು, ಸದ್ದು ಕಡಿಮೆ, ಆದರೆ ಚಿಕ್ಕವು. ಕರಾಚಿಯಿಂದ ಹೊರಟು ಸಿಂಹಳವನ್ನು ಬಳಸಿ ವಿಶಾಖಪಟ್ಟಣಕ್ಕೆ ಎರಡು ಸಾವಿರ ನಾಟಿಕಲ್ ಮೈಲಿಗೂ ಹೆಚ್ಚು ದೂರ. ಅಲ್ಲಿ ವಾರಗಟ್ಟಲೆ ಕಾಯಬೇಕು, ಮತ್ತೆ ವಾಪಸ್ ಬರಬೇಕು. ಅದು ಅವುಗಳ ಅಳವಿಗೆ ಮೀರಿದ್ದು. ಪೆಸಿಫಿಕ್ ಸಾಗರದ ದೂರಕ್ಕೆಂದು ಕಟ್ಟಿದ ಘಾಜಿ ಮಾತ್ರ ಹೋಗಬಲ್ಲದಾಗಿತ್ತು. ಹಳೆಯದು ಎಂದು ಕಳುಹಿಸಲಿಲ್ಲ, ಬೇರೆ ಯಾವುದೂ ಅಷ್ಟು ದೂರ ಹೋಗುತ್ತಿರಲಿಲ್ಲ ಎಂದು ಕಳುಹಿಸಿದರು.

ಶರಾವತಿ_ದಂಡೆ

ನೀವು ಹೇಳುತ್ತಿರುವುದೂ ನನ್ನ ವಾದವೇ ಅಲ್ಲವೇ? ಬೇರೆ ದಾರಿಯಿಲ್ಲದೆ ಹಳೆಯದನ್ನು ಕಳುಹಿಸಿದರು.

ಹಳೇ_ಹಡಗು

ಅಲ್ಲ. ‘ಹಳೆಯದು’ ಮತ್ತು ‘ಕೆಟ್ಟದ್ದು’ ಬೇರೆ ಬೇರೆ ಎನ್ನುತ್ತಿದ್ದೇನೆ.

ಗದಗಿನ_ಗೆಳೆಯ

1965ರ ಯುದ್ಧದಲ್ಲೂ ಘಾಜಿ ಇತ್ತಲ್ಲವೇ? ಏನು ಮಾಡಿತು?

ಹಳೇ_ಹಡಗು

ಇತ್ತು. ಆಗ ಎರಡೂ ದೇಶಗಳ ನಡುವೆ ಇದ್ದ ಒಂದೇ ಒಂದು ಜಲಾಂತರ್ಗಾಮಿ ಅದು. ನಮ್ಮ ಮೊದಲ ಜಲಾಂತರ್ಗಾಮಿ ಕಲ್ವರಿ ಬಂದದ್ದು 1967ಕ್ಕೆ. ಹಾಗಾಗಿ ಒಂದೇ ಹಡಗು ಇಡೀ ಭಾರತೀಯ ನೌಕಾಪಡೆಯ ತಲೆ ಬಿಸಿ ಮಾಡಿತ್ತು. ಪಾಕಿಸ್ತಾನದ ನೌಕೆಗಳು ದ್ವಾರಕೆಯ ಮೇಲೆ ಗುಂಡು ಹಾರಿಸಿದಾಗ ಘಾಜಿ ಮುಂಬೈ ಕಡೆ ಕಾದು ಕುಳಿತಿತ್ತು. ದೊಡ್ಡ ಹಡಗುಗಳು ಹೊರಬಂದರೆ ಹೊಡೆಯುವುದು ಲೆಕ್ಕಾಚಾರ. ದೊಡ್ಡ ಬೇಟೆಯಾದ ವಿಕ್ರಾಂತ್ ಆಗ ದುರಸ್ತಿಯಲ್ಲಿತ್ತು.

ಸೆಪ್ಟೆಂಬರ್ 22ರಂದು ಬ್ರಹ್ಮಪುತ್ರ ನೌಕೆಗೆ ಟಾರ್ಪಿಡೊ ಹೊಡೆದೆವು ಎಂದು ಪಾಕಿಸ್ತಾನ ಹೇಳಿಕೊಂಡಿತು, ಪದಕಗಳನ್ನೂ ಹಂಚಿತು. ಬ್ರಹ್ಮಪುತ್ರಕ್ಕೆ ಗೀರೂ ಬಿದ್ದಿರಲಿಲ್ಲ. 1980ರ ದಶಕದವರೆಗೂ ಸೇವೆಯಲ್ಲಿತ್ತು.

ಕೋಡಿಬೆಂಗ್ರೆ

ಪದಕ ಕೊಟ್ಟ ಮೇಲೆ ಹಡಗು ಮುಳುಗಲೇಬೇಕು, ಅದು ಮುಳುಗದೆ ಉಳಿದದ್ದು ಬ್ರಹ್ಮಪುತ್ರದ ತಪ್ಪು 😄

ಬಾಲ್ಟಿಮೋರ್_ಕನ್ನಡತಿ

ಎಲ್ಲರಿಗೂ ನಮಸ್ಕಾರ. ನಮ್ಮೂರಿನ ಬಂದರಿನಲ್ಲಿ ಘಾಜಿಯ ಒಡಹುಟ್ಟು ಇದೆ. ಹೆಸರು ಟಾರ್ಸ್ಕ್. ಅದೇ ಟೆಂಚ್ ವರ್ಗ, ಅದೇ ಪೋರ್ಟ್ಸ್‌ಮತ್ ಅಂಗಣದಲ್ಲಿ ಕಟ್ಟಿದ್ದು, ಈಗ ವಸ್ತುಸಂಗ್ರಹಾಲಯ. ಡಯಾಬ್ಲೋಗೆ ಸಿಗದ ಯುದ್ಧ ಇದಕ್ಕೆ ಸಿಕ್ಕಿತು. 1945ರ ಆಗಸ್ಟ್ 14ರಂದು ಜಪಾನಿನ ಕೊನೆಯ ಯುದ್ಧನೌಕೆಗಳನ್ನು ಮುಳುಗಿಸಿದ್ದು ಇದೇ. ಒಂದೇ ಅಂಗಣ, ಕೆಲವೇ ತಿಂಗಳ ಅಂತರ.

ಒಳಗೆ ಹೋದಾಗ ನನಗೆ ಹೊಡೆದು ಕಂಡದ್ದು ಎಂಜಿನ್ ಅಲ್ಲ, ಟಾರ್ಪಿಡೊ ಕೋಣೆ. ಟಾರ್ಪಿಡೊಗಳ ಪಕ್ಕದಲ್ಲೇ, ಮೇಲೆ, ಕೆಳಗೆ, ಎಲ್ಲೆಂದರಲ್ಲಿ ಮಂಚಗಳು. ಬಾಗಿಲು ದಾಟಲು ಸೀರೆಯುಟ್ಟ ಅತ್ತೆಯವರಿಗೆ ಆಗಲೇ ಇಲ್ಲ, ಅವರು ಮೇಲೆಯೇ ಕುಳಿತು ಕಡಲೆಕಾಯಿ ತಿಂದರು. ಘಾಜಿಯಲ್ಲಿ ತೊಂಬತ್ತಕ್ಕೂ ಹೆಚ್ಚು ಜನರಿದ್ದರಲ್ಲ, ಅಷ್ಟು ಜನ ಆ ಕೊಳವೆಯಲ್ಲಿ ವಾರಗಟ್ಟಲೆ ಇದ್ದರು ಎಂಬುದನ್ನು ನೋಡದೆ ನಂಬುವುದು ಕಷ್ಟ. ಶತ್ರುಗಳೇ ಆಗಿರಲಿ, ಒಂದು ಕ್ಷಣ ಹೊಟ್ಟೆಯಲ್ಲಿ ಕಿವುಚಿದಂತಾಯಿತು.

ಸುಮ್ಮನೆ_ಓದುವವ

ಶತ್ರುಗಳ ಮೇಲೆ ಇಷ್ಟು ಕರುಣೆ ಯಾಕೆ ಮೇಡಂ? ಅದೇ ಡಿಸೆಂಬರ್ 9ರಂದು ಅವರ ಹಂಗೋರ್ ನಮ್ಮ ಖುಕ್ರಿಯನ್ನು ಮುಳುಗಿಸಿತು. 194 ಜನ ಹೋದರು. ಕ್ಯಾಪ್ಟನ್ ಮುಲ್ಲಾ ಹಡಗು ಬಿಟ್ಟು ಬರಲಿಲ್ಲ.

ಬಾಲ್ಟಿಮೋರ್_ಕನ್ನಡತಿ

ಖುಕ್ರಿಗೂ ಹೊಟ್ಟೆ ಕಿವುಚುತ್ತದೆ. ಎರಡಕ್ಕೂ ಜಾಗವಿದೆ.

ನಿರ್ವಾಹಕ

ಎರಡು ಪ್ರತಿಕ್ರಿಯೆ ತೆಗೆದಿದ್ದೇನೆ. ಧರ್ಮ, ಪಕ್ಷ ಇಲ್ಲಿಗೆ ಬೇಡ. ಹಡಗಿನ ಬಗ್ಗೆ ಮಾತನಾಡಿ.

ಎಕ್ಸ್‌ಚೇಂಜ್_ರಾಯರು

ನಾನು ನೌಕಾಪಡೆಯವನಲ್ಲ. ದೂರವಾಣಿ ಇಲಾಖೆಯಲ್ಲಿ ಸೇವೆ ಸಲ್ಲಿಸಿ ನಿವೃತ್ತನಾದವನು. ಆದರೆ ಬ್ಯಾಟರಿ ಎಂದರೆ ಒಂದು ಮಾತು ಹೇಳುವ ಅಧಿಕಾರ ನನಗಿದೆ.

ಹಳೆಯ ಟೆಲಿಫೋನ್ ಎಕ್ಸ್‌ಚೇಂಜ್‌ಗಳಲ್ಲಿ ಬ್ಯಾಟರಿ ರೂಮ್ ಎಂದೇ ಪ್ರತ್ಯೇಕ ಕೋಣೆ ಇರುತ್ತಿತ್ತು. ಸೀಸ ಮತ್ತು ಆಮ್ಲದ ದೊಡ್ಡ ಸೆಲ್‌ಗಳು ಸಾಲಾಗಿ ನಿಂತಿರುತ್ತಿದ್ದವು. ಪ್ರತಿ ಸೆಲ್‌ಗೂ ಹೈಡ್ರೋಮೀಟರ್ ಹಾಕಿ ಸಾಂದ್ರತೆ ಬರೆದಿಡಬೇಕು, ಡಿಸ್ಟಿಲ್ಡ್ ವಾಟರ್ ತುಂಬಿಸಬೇಕು. ಕೋಣೆಯ ಎಕ್ಸಾಸ್ಟ್ ಫ್ಯಾನ್ ನಿಲ್ಲಿಸುವ ಹಾಗಿಲ್ಲ, ಬೀಡಿ ಸಿಗರೇಟು ಹೊಸಿಲು ದಾಟುವ ಹಾಗಿಲ್ಲ. ಕಾರಣ ಒಂದೇ: ಚಾರ್ಜ್ ಪೂರ್ಣವಾಗುತ್ತ ಬಂದಂತೆ ಸೆಲ್ ಕುದಿಯತೊಡಗುತ್ತದೆ, ಹೈಡ್ರೋಜನ್ ಹೊರಬರುತ್ತದೆ. ಗಾಳಿಯಲ್ಲಿ ಹೈಡ್ರೋಜನ್ ಪ್ರಮಾಣ ಶೇ 4 ದಾಟಿದರೆ ಒಂದು ಸ್ವಿಚ್ಚಿನ ಕಿಡಿ ಸಾಕು.

ಈಗ ಘಾಜಿಯನ್ನು ನೋಡಿ. ಆ ವರ್ಗದಲ್ಲಿ 126 ಸೆಲ್‌ಗಳ ಎರಡು ಬ್ಯಾಟರಿಗಳು, ಒಟ್ಟು 252. ಒಂದೊಂದು ಸೆಲ್ ಮುಕ್ಕಾಲು ಟನ್ ಹತ್ತಿರ ತೂಗುತ್ತದೆ. ಅವು ಇರುವುದು ಜನ ಮಲಗುವ, ಊಟ ಮಾಡುವ ಜಾಗದ ಕೆಳಗೆ. ನೀರಿನಡಿ ಓಡುವುದು ಆ ಬ್ಯಾಟರಿಯಿಂದಲೇ, ಹಾಗಾಗಿ ದಿನವೂ ಬರಿದಾಗುತ್ತದೆ, ದಿನವೂ ತುಂಬಿಸಬೇಕು. ಸೆಲ್ ಹಳೆಯದಾದಷ್ಟೂ ಹೆಚ್ಚು ಬಿಸಿಯಾಗುತ್ತದೆ, ಹೆಚ್ಚು ಅನಿಲ ಬಿಡುತ್ತದೆ. ನಮ್ಮ ಕೋಣೆಗೆ ಕಿಟಕಿಯಿತ್ತು. ಶತ್ರುವಿನ ಬಂದರಿನ ಬಾಯಲ್ಲಿ ಅಡಗಿ ಕುಳಿತವನಿಗೆ ಕಿಟಕಿ ಎಲ್ಲಿಂದ ಬರಬೇಕು? ಬೇಕಾದಾಗ ಮೇಲೆ ಬಂದು ಗಾಳಿ ಆಡಿಸುವ ಹಾಗಿಲ್ಲ. ನನ್ನ ಮತ ಬ್ಯಾಟರಿಗೆ.

ಕೋಡಿಬೆಂಗ್ರೆ

ರಾಯರೇ, ಅಷ್ಟು ಸುಲಭವಾಗಿ ಸ್ಫೋಟವಾಗುವುದಾದರೆ ಎಲ್ಲ ಜಲಾಂತರ್ಗಾಮಿಗಳೂ ಸ್ಫೋಟವಾಗಬೇಕಿತ್ತು.

ಹಳೇ_ಹಡಗು

ಆಗಿವೆ. 1949ರ ಆಗಸ್ಟ್‌ನಲ್ಲಿ ಅಮೆರಿಕದ ಕೊಚಿನೊ ನಾರ್ವೆಯ ಉತ್ತರದ ಬಿರುಗಾಳಿಯಲ್ಲಿ ಸಿಕ್ಕಿ, ಹೈಡ್ರೋಜನ್ ಸ್ಫೋಟದಿಂದ ಬ್ಯಾಟರಿಗೆ ಬೆಂಕಿ ಬಿದ್ದು ಮುಳುಗಿತು. ಅದೂ ಮಹಾಯುದ್ಧದ ಕಾಲದ್ದೇ, ಬಲಾವೊ ವರ್ಗ. ಜೊತೆಯಲ್ಲಿದ್ದ ಟಸ್ಕ್ ಎಂಬ ಜಲಾಂತರ್ಗಾಮಿ ಸಿಬ್ಬಂದಿಯನ್ನು ಕಾಪಾಡಿತು. ಕಾಪಾಡುವಾಗ ತನ್ನದೇ ಆರು ಜನರನ್ನು ಕಳೆದುಕೊಂಡಿತು.

ನೌಕಾಪಡೆಯ ಒಳಗಿನವರೂ ಹೈಡ್ರೋಜನ್ ವಾದ ಮುಂದಿಟ್ಟಿದ್ದಾರೆ. ವೈಸ್ ಅಡ್ಮಿರಲ್ ಮಿಹಿರ್ ರಾಯ್ ಅವರದು ಅದೇ ಅಭಿಪ್ರಾಯ. ರಾಯರ ಮಾತನ್ನು ಹಗುರವಾಗಿ ತಳ್ಳಿಹಾಕಬೇಡಿ.

ವೈಜಾಗ್_ವಾಸಿ

ಬಳ್ಳಾರಿಯವನು, ಉಕ್ಕಿನ ಕಾರ್ಖಾನೆಯ ಕೆಲಸಕ್ಕೆಂದು ಇಲ್ಲಿಗೆ ಬಂದು ನೆಲೆಸಿದವನು. ಇಲ್ಲಿ ಹಿರಿಯರನ್ನು ಕೇಳಿದರೆ ಎಲ್ಲರೂ ಒಂದೇ ಮಾತು ಹೇಳುತ್ತಾರೆ: ಆ ರಾತ್ರಿ ಕಿಟಕಿ ಗಾಜು ಒಡೆದವು, ಭೂಕಂಪ ಎಂದುಕೊಂಡೆವು. ಬೆಳಿಗ್ಗೆ ಮೀನುಗಾರರಿಗೆ ತೇಲುವ ಅವಶೇಷ, ಲೈಫ್ ಜಾಕೆಟ್ ಸಿಕ್ಕವು. ಬಂದರಿನ ಬಾಯಿಂದ ಕೆಲವೇ ಕಿಲೋಮೀಟರ್ ಆಚೆ ಈಗಲೂ ಬಿದ್ದಿದೆ. ಎತ್ತಿಕೊಡುತ್ತೇವೆ ಎಂದು ಅಮೆರಿಕ, ರಷ್ಯಾ ಎರಡೂ ಮುಂದೆ ಬಂದಿದ್ದವು, ಭಾರತ ಬೇಡವೆಂದಿತು. 2024ರಲ್ಲಿ ನೌಕಾಪಡೆ ತನ್ನ ಹೊಸ ರಕ್ಷಣಾ ವಾಹನದಿಂದ ಅದನ್ನು ಮತ್ತೆ ಗುರುತಿಸಿದ ಸುದ್ದಿ ಬಂತು. ಮುಟ್ಟದೆ ಬಿಟ್ಟರು.

ಒಂದು ವಿನಂತಿ. ಆರ್‌ಕೆ ಬೀಚ್‌ನಲ್ಲಿ ಮರಳಿನ ಮೇಲಿರುವ ಜಲಾಂತರ್ಗಾಮಿ ಘಾಜಿಯಲ್ಲ. ಊರಿಂದ ಬಂದ ನೆಂಟರೆಲ್ಲ ಅದರ ಮುಂದೆ ನಿಂತು ‘ಪಾಕಿಸ್ತಾನದ್ದಂತೆ’ ಎಂದು ಫೋಟೊ ಹಾಕುತ್ತಾರೆ. ಅದು ನಮ್ಮದೇ ಕುರ್ಸುರಾ. 1969ರಿಂದ 2001ರವರೆಗೆ ಸೇವೆ ಸಲ್ಲಿಸಿದ್ದು.

ಗದಗಿನ_ಗೆಳೆಯ

ಹಾಗಾದರೆ ಕಾರವಾರದ ಕಡಲತೀರದಲ್ಲಿ ನಿಲ್ಲಿಸಿರುವ ಚಾಪೆಲ್? ಅದು ಕರಾಚಿ ಮೇಲೆ ದಾಳಿ ಮಾಡಿದ್ದು ಎಂದು ನಮ್ಮ ಶಾಲಾ ಪ್ರವಾಸದಲ್ಲಿ ಮಾಸ್ತರರು ಹೇಳಿದ್ದರು.

ಹಳೇ_ಹಡಗು

ಚಾಪೆಲ್ ಸೇವೆಗೆ ಸೇರಿದ್ದೇ 1976ಕ್ಕೆ. ಕರಾಚಿಗೆ ಹೋದವು ಅದರ ಹಿಂದಿನ ತಲೆಮಾರಿನ ದೋಣಿಗಳು. ಕುಲ ಒಂದೇ, ಆದರೆ ಅದಲ್ಲ.

ಗದಗಿನ_ಗೆಳೆಯ

ಮಾಸ್ತರರಿಗೆ ಈಗ ಎಂಬತ್ತು ದಾಟಿದೆ. ನಾನು ಹೇಳುವುದಿಲ್ಲ.

ಸುಮ್ಮನೆ_ಓದುವವ

ಎಲ್ಲರೂ ಸುತ್ತಿ ಬಳಸಿ ರಜಪೂತ್ ಅನ್ನು ಮರೆಸುತ್ತಿದ್ದೀರಿ. ಲೆಫ್ಟಿನೆಂಟ್ ಕಮಾಂಡರ್ ಇಂದರ್ ಸಿಂಗ್ ಡೆಪ್ತ್ ಚಾರ್ಜ್ (ನೀರಿನಡಿ ಸಿಡಿಯುವ ಬಾಂಬು) ಹಾಕಿದರು, ಸ್ವಲ್ಪ ಹೊತ್ತಿಗೆ ಭಾರೀ ಸ್ಫೋಟ ಕೇಳಿಸಿತು. ಇನ್ನೇನು ಪುರಾವೆ ಬೇಕು? ಘಾಜಿ ಎಂಬ ತೆಲುಗು ಸಿನಿಮಾ ನೋಡಿ.

ವೈಜಾಗ್_ವಾಸಿ

ಸಿನಿಮಾದಲ್ಲಿ ಘಾಜಿಯನ್ನು ಮುಳುಗಿಸುವುದು ಭಾರತದ ಜಲಾಂತರ್ಗಾಮಿ. ನಿಮ್ಮ ರಜಪೂತ್‌ಗೆ ಸಿನಿಮಾವೂ ಸಾಕ್ಷಿ ಹೇಳುವುದಿಲ್ಲ.

ಹಳೇ_ಹಡಗು

ರಜಪೂತ್ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಇಡೀ ಪ್ರಸಂಗದಲ್ಲಿ ನನಗೆ ಇಷ್ಟವಾದ ಭಾಗ ಅದೇ.

ಪೂರ್ವ ನೌಕಾ ಕಮಾಂಡ್‌ನ ಮುಖ್ಯಸ್ಥ ವೈಸ್ ಅಡ್ಮಿರಲ್ ಕೃಷ್ಣನ್ ಅವರಿಗೆ ಜಲಾಂತರ್ಗಾಮಿ ಬರುತ್ತಿದೆ ಎಂಬ ಸುಳಿವು ಸಿಕ್ಕಿದ್ದು ಒಂದು ಎಣ್ಣೆಯಿಂದ. ಆಗಿನ ಪೂರ್ವ ಪಾಕಿಸ್ತಾನದ ಚಿತ್ತಗಾಂಗ್‌ನ ಅಧಿಕಾರಿಗಳಿಗೆ ಪಾಕಿಸ್ತಾನ ಕಳುಹಿಸಿದ ವೈರ್‌ಲೆಸ್ ಸಂದೇಶವನ್ನು ನಮ್ಮವರು ಹಿಡಿದರು. ಒಂದು ಬಗೆಯ ಲೂಬ್ರಿಕೇಟಿಂಗ್ ಆಯಿಲ್ ಅಲ್ಲಿ ಸಿಗುತ್ತದೆಯೇ ಎಂಬ ವಿಚಾರಣೆ. ಆ ಎಣ್ಣೆ ಬೇಕಾಗುವುದು ಜಲಾಂತರ್ಗಾಮಿಗಳಿಗೆ ಮತ್ತು ಮೈನ್ (ಕಡಲಿನಲ್ಲಿ ಹುದುಗಿಸುವ ಸಿಡಿಗುಂಡು) ತೆಗೆಯುವ ಹಡಗುಗಳಿಗೆ ಮಾತ್ರ. ಬಂಗಾಳ ಕೊಲ್ಲಿಗೆ ಬರಬಲ್ಲದ್ದು ಘಾಜಿ ಒಂದೇ. ಲೆಕ್ಕ ಸರಿಹೋಯಿತು.

ಆಗ ಕೃಷ್ಣನ್ ವಿಕ್ರಾಂತ್ ಅನ್ನು ಅಂಡಮಾನ್ ಕಡೆಗೆ ಸಾಗಿಸಿ ಅಡಗಿಸಿದರು. ವಿಶಾಖಪಟ್ಟಣದಲ್ಲೇ ಇದೆ ಎಂದು ನಂಬಿಸಲು ರಜಪೂತ್ ಅನ್ನು ಹೊರಗೆ ಕಳುಹಿಸಿ, ವಿಕ್ರಾಂತ್ ಹೆಸರಿನಲ್ಲಿ ವೈರ್‌ಲೆಸ್ ಗದ್ದಲ ಎಬ್ಬಿಸಿದರು. ದೊಡ್ಡ ಹಡಗಿಗೆ ಬೇಕಾಗುವಷ್ಟು ರೇಷನ್‌ಗೆ ಬೇಡಿಕೆ ಇಟ್ಟರು. ವಿಕ್ರಾಂತ್‌ನ ನಾವಿಕನೊಬ್ಬ ತಾಯಿಯ ಕಾಯಿಲೆ ವಿಚಾರಿಸಿ ಕಳುಹಿಸಿದಂತೆ ಒಂದು ಸಂದೇಶವನ್ನೂ ಬಿಟ್ಟರು, ಗುಪ್ತಲಿಪಿ ಇಲ್ಲದೆ, ಯಾರು ಬೇಕಾದರೂ ಕೇಳಿಸಿಕೊಳ್ಳಲಿ ಎಂದು.

ಈಗ ವಯಸ್ಸಿನ ಲೆಕ್ಕ ನೋಡಿ, ಶರಾವತಿಯವರೇ. ರಜಪೂತ್ ಎಂದರೆ ಬ್ರಿಟಿಷರ ರೊದರ್‌ಹ್ಯಾಮ್, 1942ರಲ್ಲಿ ಸೇವೆಗೆ ಸೇರಿದ್ದು, ನಮಗೆ ಬಂದದ್ದು 1949ಕ್ಕೆ. ಘಾಜಿಗಿಂತ ಹಿರಿಯದು! ಸೇವೆಯಿಂದ ಬಿಡುಗಡೆಗೆ ಕಾಯುತ್ತಿದ್ದ ನೌಕೆ. ವಿಕ್ರಾಂತ್? ಅದೂ ಬ್ರಿಟಿಷರ ಹರ್ಕ್ಯುಲಿಸ್, 1943ರಲ್ಲಿ ಅಡಿಪಾಯ, 1945ರ ಸೆಪ್ಟೆಂಬರ್‌ನಲ್ಲಿ ನೀರಿಗೆ, ಯುದ್ಧ ಮುಗಿದದ್ದರಿಂದ ಅರ್ಧಕ್ಕೇ ಬಿಟ್ಟದ್ದನ್ನು ನಾವು ಕೊಂಡು 1961ರಲ್ಲಿ ಸೇವೆಗೆ ತಂದೆವು. 1971ರಲ್ಲಿ ಅದರ ಬಾಯ್ಲರ್ ಒಂದು ಬಿರುಕು ಬಿಟ್ಟಿತ್ತು, ಪೂರ್ಣ ವೇಗದಲ್ಲಿ ಓಡುವಂತಿರಲಿಲ್ಲ. ಬೇಟೆಗಾರ, ಬೇಟೆ, ಬೇಟೆಯ ವೇಷ ಹಾಕಿದ್ದು, ಮೂರೂ ಹಿಟ್ಲರನ ಕಾಲದ ಕಬ್ಬಿಣ. ವಯಸ್ಸೇ ಕೊಲ್ಲುವುದಾದರೆ ಮೂರೂ ಸಾಯಬೇಕಿತ್ತು.

ಶರಾವತಿ_ದಂಡೆ

ರಜಪೂತ್‌ನ ಬಾಯ್ಲರ್ ಕೆಟ್ಟರೆ ಅದು ತೇಲುತ್ತ ನಿಲ್ಲುತ್ತದೆ. ಜಲಾಂತರ್ಗಾಮಿಗೆ ಆ ಸೌಕರ್ಯವಿಲ್ಲ. ನೀರಿನ ಮೇಲಿನ ಮುಪ್ಪೂ ನೀರಿನಡಿಯ ಮುಪ್ಪೂ ಒಂದೇ ಅಲ್ಲ. ಇನ್ನೊಂದು ವಿಷಯ: 1965ರ ಯುದ್ಧದ ನಂತರ ಅಮೆರಿಕ ಶಸ್ತ್ರ ಪೂರೈಕೆ ನಿಲ್ಲಿಸಿತು. ಬಿಡಿಭಾಗ ಎಲ್ಲಿಂದ ತಂದರು?

ಹಳೇ_ಹಡಗು

ತುರ್ಕಿಯಿಂದ. ತುರ್ಕಿಯ ಬಳಿ ಇದೇ ಪೀಳಿಗೆಯ ಅಮೆರಿಕನ್ ಜಲಾಂತರ್ಗಾಮಿಗಳಿದ್ದವು, ಗೊಲ್ಜುಕ್ ನೌಕಾಂಗಣದಲ್ಲಿ ಅವುಗಳ ಕೆಲಸ ಬಲ್ಲವರಿದ್ದರು. 1967ರ ಅರಬ್–ಇಸ್ರೇಲ್ ಯುದ್ಧದಿಂದ ಸೂಯೆಜ್ ಕಾಲುವೆ ಮುಚ್ಚಿಹೋಗಿತ್ತು. ಹಾಗಾಗಿ ಘಾಜಿ ಇಡೀ ಆಫ್ರಿಕವನ್ನು ಸುತ್ತಿ, ಗುಡ್ ಹೋಪ್ ಭೂಶಿರ ಬಳಸಿ ಹೋಯಿತು. ದುರಸ್ತಿ ಮುಗಿಸಿ 1970ರ ಏಪ್ರಿಲ್‌ನಲ್ಲಿ ಕರಾಚಿಗೆ ಮರಳಿತು. ಕೊನೆಯ ಯಾನಕ್ಕೆ ಹೊರಟಾಗ ದೊಡ್ಡ ದುರಸ್ತಿ ಮುಗಿದು ಎರಡು ವರ್ಷವೂ ಆಗಿರಲಿಲ್ಲ. ಇದು ತುಕ್ಕು ಹಿಡಿದ ಡಬ್ಬಿ ಅಲ್ಲ.

ಎಕ್ಸ್‌ಚೇಂಜ್_ರಾಯರು

ದುರಸ್ತಿ ಬೇರೆ, ದಿನನಿತ್ಯದ ನಿಗಾ ಬೇರೆ. ಚಿತ್ತಗಾಂಗ್‌ನಲ್ಲಿ ಎಣ್ಣೆ ಸಿಗುತ್ತದೆಯೇ ಎಂದು ಕೇಳಿದ ಸಂದೇಶದಲ್ಲೇ ಉತ್ತರವಿದೆ. ಆ ಕಡೆ ಅದಕ್ಕೆ ಆಸರೆಯಾಗುವ ಒಂದು ನೆಲೆಯೂ ಇರಲಿಲ್ಲ.

ಕೋಡಿಬೆಂಗ್ರೆ

ನನ್ನ ಮತ ಮೈನ್‌ಗೆ. ಬೇಟೆ ಸಿಗಲಿಲ್ಲ, ಬಂದದ್ದಕ್ಕೆ ಬಂದರಿನ ಬಾಯಿಗೆ ಮೈನ್ ಹಾಕಿ ಹೋಗೋಣ ಎಂದು ತೀರಕ್ಕೆ ಹತ್ತಿರ ಬಂದಿರಬೇಕು. ಊರಿನ ದೀಪ ಆರಿಸಿದ್ದ ಕಾಲ. ರಾತ್ರಿ ದೀಪಸ್ತಂಭದ ಬೆಳಕಿಲ್ಲದೆ ಅಳಿವೆ ಹುಡುಕುವುದು ಎಷ್ಟು ಕಷ್ಟ ಎಂದು ದೋಣಿಯವರನ್ನು ಕೇಳಿ. ಎಲ್ಲಿ ಹಾಕಿದೆವು ಎಂಬ ಲೆಕ್ಕ ಸ್ವಲ್ಪ ತಪ್ಪಿದರೂ ತಾನು ಇಟ್ಟ ಮೈನ್ ಮೇಲೆ ತಾನೇ ಹೋಗಬೇಕು. ಪಾಕಿಸ್ತಾನದವರೂ ಇದನ್ನೇ ಹೇಳುತ್ತಾರಲ್ಲ.

ಹಳೇ_ಹಡಗು

ಪಾಕಿಸ್ತಾನಕ್ಕೆ ಆ ವಾದ ಅನುಕೂಲ: ಶತ್ರು ಹೊಡೆದದ್ದಲ್ಲ, ಅವಘಡ. ನಮಗೆ ರಜಪೂತ್ ವಾದ ಅನುಕೂಲ. ಬ್ಯಾಟರಿ ವಾದದಿಂದ ಯಾರಿಗೂ ಲಾಭವಿಲ್ಲ, ಅದಕ್ಕೇ ನನಗೆ ಅದರ ಮೇಲೆ ಹೆಚ್ಚು ನಂಬಿಕೆ. ಅವಶೇಷ ಕಂಡ ಮುಳುಗುಗಾರರು ಸ್ಫೋಟ ಒಳಗಿನಿಂದ ಆದಂತಿದೆ ಎಂದದ್ದೂ ಪತ್ರಿಕೆಗಳಲ್ಲಿ ಬಂದಿತ್ತು. ನುಜ್ಜಾಗಿದ್ದು ಮುಂಭಾಗ. ಟಾರ್ಪಿಡೊ, ಮೈನ್ ಎಲ್ಲ ಇರುವ ಜಾಗ. ಬ್ಯಾಟರಿಯಲ್ಲಿ ಶುರುವಾಗಿ ಅಲ್ಲಿಗೆ ಹಬ್ಬಿರಬಹುದು.

ಇನ್ನು ದಿನಾಂಕದ ಬಗ್ಗೆಯೇ ಜಗಳವಿದೆ. ಆಗ ಭೂಸೇನೆಯ ಪೂರ್ವ ಕಮಾಂಡ್‌ನಲ್ಲಿದ್ದ ಜನರಲ್ ಜಾಕೋಬ್ ಅವರು ಘಾಜಿ ಯುದ್ಧ ಆರಂಭವಾಗುವ ಮೊದಲೇ, ಡಿಸೆಂಬರ್ 1 ಅಥವಾ 2ರಂದು, ಮೈನ್ ಹಾಕುವಾಗ ಸ್ಫೋಟಗೊಂಡಿತು, ಇದನ್ನು ತಮಗೆ ಹೇಳಿದ್ದು ಕೃಷ್ಣನ್ ಅವರೇ ಎಂದು ಬರೆದಿದ್ದಾರೆ. ಅದು ನಿಜವಾದರೆ ರಜಪೂತ್ ಹೊರಡುವ ವೇಳೆಗೆ ಕೊಲ್ಲಲು ಯಾರೂ ಉಳಿದಿರಲಿಲ್ಲ. ಇದನ್ನು ಬಗೆಹರಿಸಬಹುದಾಗಿದ್ದ ಹಳೆಯ ಕಡತಗಳನ್ನು ನಾಶಪಡಿಸಲಾಗಿದೆ ಎಂಬ ಸುದ್ದಿ 2010ರಲ್ಲಿ ಬಂತು.

ಸುಮ್ಮನೆ_ಓದುವವ

ಕಡತ ಸುಟ್ಟವರ ದೇಶದಲ್ಲಿ ನಾನು ಇಂದರ್ ಸಿಂಗ್ ಅವರನ್ನೇ ನಂಬುತ್ತೇನೆ. ಅವರು ಅಲ್ಲಿದ್ದರು, ನೀವು ಇರಲಿಲ್ಲ.

ಹಳೇ_ಹಡಗು

ಅವರು ಡೆಪ್ತ್ ಚಾರ್ಜ್ ಹಾಕಿದ್ದನ್ನು ನಾನೂ ನಂಬುತ್ತೇನೆ. ಕೆಳಗೆ ಏನಿತ್ತು ಎಂಬುದಷ್ಟೇ ಪ್ರಶ್ನೆ.

ಬಾಲ್ಟಿಮೋರ್_ಕನ್ನಡತಿ

ವಯಸ್ಸಿನ ವಾದಕ್ಕೆ ಇನ್ನೊಂದು ತುಪ್ಪ ಸುರಿಯುತ್ತೇನೆ. ಡಯಾಬ್ಲೋದ ಸಂಖ್ಯೆ 479. ಅದೇ ಅಂಗಣದ 478ನೇ ಸಂಖ್ಯೆಯ ಹಡಗು ಕಟ್ಲಾಸ್, ಡಯಾಬ್ಲೋಗಿಂತ ಎರಡು ವಾರ ಮೊದಲು, 1945ರ ಮಾರ್ಚ್ 17ರಂದು ಸೇವೆಗೆ ಸೇರಿತು. ಅದನ್ನು 1973ರಲ್ಲಿ ತೈವಾನ್‌ಗೆ ಕೊಟ್ಟರು. ಹೈ ಶಿ ಎಂದು ಹೆಸರು ಬದಲಿಸಿಕೊಂಡು 2020ರ ದಶಕದಲ್ಲೂ ತೈವಾನ್ ನೌಕಾಪಡೆಯ ಪಟ್ಟಿಯಲ್ಲಿತ್ತು! ಮೇಲೆ ಕೊಚಿನೊ ಸಿಬ್ಬಂದಿಯನ್ನು ಕಾಪಾಡಿದ ಟಸ್ಕ್ ಬಗ್ಗೆ ಬರೆದರಲ್ಲ, ಅದೂ ತೈವಾನ್‌ಗೇ ಹೋಯಿತು.

ಹಳೇ_ಹಡಗು

ನೋಡಿ ಶರಾವತಿಯವರೇ! ಅಕ್ಕಪಕ್ಕದ ಸಂಖ್ಯೆಯ ಹಡಗುಗಳು. ಒಂದು 26 ವರ್ಷಕ್ಕೆ ಹೋಯಿತು, ಇನ್ನೊಂದು ಮುಕ್ಕಾಲು ಶತಮಾನ ದಾಟಿತು.

ಶರಾವತಿ_ದಂಡೆ

ತೈವಾನ್ ಅದನ್ನು ತರಬೇತಿಗೆ ಬಳಸುತ್ತದೆ, ಮನೆಯ ಹತ್ತಿರ, ಹೆಚ್ಚು ಆಳಕ್ಕೆ ಇಳಿಸದೆ. ಘಾಜಿಯನ್ನು ಆಸರೆಯಿಲ್ಲದ ಇನ್ನೊಂದು ಕಡಲಿಗೆ ಕಳುಹಿಸಿದರು. ನಾನು ಮೊದಲ ಬರಹದಲ್ಲಿ ಎತ್ತನ್ನು ದೂರಲಿಲ್ಲ, ಹೂಡಿದವರನ್ನು ದೂರಿದ್ದೆ. ದಯವಿಟ್ಟು ಇನ್ನೊಮ್ಮೆ ಓದಿ.

ಹಳೇ_ಹಡಗು

ಹೂಡಿದವರಿಗೆ ಬೇರೆ ಎತ್ತು ಇರಲಿಲ್ಲ ಎಂದು ನಾನೂ ಮೊದಲ ಉತ್ತರದಲ್ಲೇ ಬರೆದಿದ್ದೆ. ನೀವೂ ಇನ್ನೊಮ್ಮೆ ಓದಿ.

ಎಕ್ಸ್‌ಚೇಂಜ್_ರಾಯರು

ಇಬ್ಬರೂ ಒಂದೇ ಮಾತನ್ನು ಜಗಳವಾಡುತ್ತ ಹೇಳುತ್ತಿದ್ದೀರಿ. ಬಾಲ್ಟಿಮೋರ್‌ನ ತಾಯಿ, ಟಾರ್ಸ್ಕ್‌ನಲ್ಲಿ ಬ್ಯಾಟರಿ ಇಟ್ಟಿದ್ದ ಜಾಗವನ್ನು ನೋಡಲು ಬಿಡುತ್ತಾರೆಯೇ? ಮಗಳು ಆ ಕಡೆ ಇದ್ದಾಳೆ, ಬೇಸಿಗೆಗೆ ಬರುವ ಯೋಚನೆಯಿದೆ.

ಬಾಲ್ಟಿಮೋರ್_ಕನ್ನಡತಿ

ಖಂಡಿತ ಬನ್ನಿ ರಾಯರೇ. ಬ್ಯಾಟರಿ ಜಾಗದ ಬಗ್ಗೆ ಅಲ್ಲಿಯ ಸ್ವಯಂಸೇವಕರನ್ನು ಕೇಳಿ ತಿಳಿಸುತ್ತೇನೆ. ಸೊಂಟ ಬಗ್ಗಿಸಲು ಅಭ್ಯಾಸ ಮಾಡಿಕೊಂಡು ಬನ್ನಿ.